ಜಾರದ ಅಳಿಲು

ಮಡಿಕೇರಿ ಕಡೆ ಮೂರು ದಿನದಿಂದ ಬಿಡದ ಮಳೆ. ಕರೆಂಟ್ ಬೇರೆ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಮಗಳಿಗೆ ಕಥೆ ಓದುತ್ತಿದ್ದೆ. ಹೀರೋ ಒಂದು ಅಳಿಲು. ಹದ್ದಿಗೂ ಹೆದರುವುದಿಲ್ಲ, ತನ್ನ ಪಾಲಿನ ಕಾಯನ್ನೂ ಹಂಚಿಬಿಡುತ್ತದೆ. ಒಂದು ಸಲವಾದರೂ ಕಾಲು ಜಾರಬಾರದಾ?

"ಅಪ್ಪಾ, ಇದಕ್ಕೆ ಹೊಟ್ಟೆಕಿಚ್ಚೇ ಆಗಲ್ವಾ?" ಎಂದು ಕೇಳಿ ಮಗಳು ಆಕಳಿಸಿದಳು.

ಪಂಚತಂತ್ರದ ಆಮೆಯೇ ವಾಸಿ. ಹಂಸಗಳು ಹಿಡಿದ ಕೋಲು ಕಚ್ಚಿಕೊಂಡು ಹಾರುವಾಗ ಬಾಯಿ ತಡೆಯಲಾರದೆ ಮಾತಾಡಿ ಬಿತ್ತಲ್ಲ, ಥೇಟ್ ನಮ್ಮಂಥದ್ದೇ. ಇಂಗ್ಲಿಷ್ ಲೇಖಕ ರಿಚರ್ಡ್ ಆಡಮ್ಸ್ ಬರೆದು 1972ರಲ್ಲಿ ಪ್ರಕಟವಾದ ಮೊಲಗಳ ಕಾದಂಬರಿಯಲ್ಲೂ ನಾಯಕ ಹೇಜಲ್ ಕಾಲಿಗೆ ಗುಂಡೇಟು ತಿಂದು ಕುಂಟುತ್ತಾನೆ. ಗುಂಪಿನಲ್ಲಿ ಅವನಿಗಿಂತ ಗಟ್ಟಿಗರೂ ಇದ್ದಾರೆ.

ತೋಟಕ್ಕೆ ಆನೆ ಬಂದ ಸದ್ದಾದರೆ ನಮ್ಮ ನಾಯಿ ಸೀದಾ ಮಂಚದ ಕೆಳಗೆ. ಬೆಳಿಗ್ಗೆ ಮಾತ್ರ ಲದ್ದಿಯ ಮುಂದೆ ನಿಂತು ಜೋರಾಗಿ ಬೊಗಳುತ್ತದೆ. ಇವತ್ತು ರಾತ್ರಿ ಅದರ ಕಥೆಯನ್ನೇ ಹೇಳಬೇಕು.