ಹೆಬಾದವರ ರೋಮ್, ಹೆಪ್ಸ್‌ನವರ ರೋಮ್

ನಮ್ಮ ಕಾಲದಲ್ಲಿ ಪಿಯುಸಿಯ ಹೆಬಾಕ್ಕೆ (ಇತಿಹಾಸ, ಇಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಸೇರಿದವರಲ್ಲಿ ಇತಿಹಾಸದ ಮೇಲೆ ಪ್ರೀತಿ ಇದ್ದು ಬಂದವರು ಕಡಿಮೆ. ಕಾಮರ್ಸ್ ಬೇಕು, ಸ್ಟ್ಯಾಟಿಸ್ಟಿಕ್ಸ್ ಬೇಡ, ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿಲ್ಲ. ಉಳಿದದ್ದು ಇತಿಹಾಸ. ಅಷ್ಟೇ. ನಾನೂ ಹಾಗೇ ಬಂದವನು. ಹೆಪ್ಸ್‌ನವರ (ಇತಿಹಾಸ, ಇಕನಾಮಿಕ್ಸ್, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಕಥೆ ಬೇರೆ. ಅವರಲ್ಲಿ ಮೂರ್ನಾಲ್ಕು ಜನಕ್ಕೆ ಆಗಲೇ ಕೆಎಎಸ್, ಐಎಎಸ್ ಹುಚ್ಚು ಹಿಡಿದಿತ್ತು. ಕೆಲವರಿಗೆ ಬಿ.ಎ. ಮಾಡಿ ಬಿ.ಎಡ್. ಮುಗಿಸಿ ಮೇಷ್ಟ್ರಾಗುವ ಆಸೆ. ಇನ್ನು ಎರಡೂ ಕಡೆ ಸೇರಿ ಒಂದು ದೊಡ್ಡ ಗುಂಪಿತ್ತು. ಅವರಿಗೆ ಬೇಕಾದದ್ದು 35 ಅಂಕ ಮಾತ್ರ.

ಕಾಲೇಜಿನಲ್ಲಿ ಇತಿಹಾಸಕ್ಕೆ ಇದ್ದದ್ದು ಒಬ್ಬರೇ ಮೇಡಂ. ಹಾಗಾಗಿ ಫಸ್ಟ್ ಪಿಯುಸಿಯ ಎರಡೂ ಸೆಕ್ಷನ್ ಒಂದೇ ಹಾಲ್‌ನಲ್ಲಿ. ಪುಸ್ತಕವೂ ಒಂದೇ. ಈಜಿಪ್ಟ್, ಮೆಸೊಪೊಟೇಮಿಯಾದಿಂದ ಶುರುವಾಗಿ ಗ್ರೀಸ್, ರೋಮ್, ನೆಪೋಲಿಯನ್ ದಾಟಿ ಎರಡು ಮಹಾಯುದ್ಧಗಳವರೆಗೆ ಇಡೀ ಜಗತ್ತು. ಪರೀಕ್ಷೆಯಲ್ಲಿ ಯಾವ ಪಾಠಕ್ಕೆ ಎಷ್ಟು ಅಂಕ ಅನ್ನುವ ಬ್ಲೂಪ್ರಿಂಟ್ ನೋಡಿ ಪಾಠ ಮಾಡಿ ನೋಟ್ಸ್ ಬರೆಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೇಡಂ ನೋಟ್ಸನ್ನೂ ಬರೆಸುತ್ತಿದ್ದರು, ಆ ಮಾತು ಬೇರೆ. ಆದರೆ ಪಾಠ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರದ ಪ್ರಶ್ನೆ ಹಾಕುತ್ತಿದ್ದರು. ಬುದ್ಧಿವಂತರಿಗೆ ಕಷ್ಟದ್ದು, ದಡ್ಡರಿಗೆ ಸುಲಭದ್ದು ಅಂತ ಅಲ್ಲ. ಯಾರು ಮುಂದೆ ಏನಾಗಬೇಕು ಅಂದುಕೊಂಡಿದ್ದಾರೋ ಅದನ್ನು ನೋಡಿಕೊಂಡು.

ರೋಮ್ ಪಾಠ ಚೆನ್ನಾಗಿ ನೆನಪಿದೆ. ನಮ್ಮೂರು ಚಿತ್ರದುರ್ಗ. ಪಕ್ಕದಲ್ಲೇ ಚಂದ್ರವಳ್ಳಿ. ಅಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ನಮಗೆ ಚಂದ್ರವಳ್ಳಿ ಅಂದರೆ ಕೆರೆ, ಗುಹೆ, ಭಾನುವಾರದ ಸುತ್ತಾಟ. "ಏನ್ರಪ್ಪಾ ಹೆಬಾದೋರೆ, ಆ ಬೆಳ್ಳಿ ಇಲ್ಲಿಗೆ ಯಾಕೆ ಬಂತು?" ಅಂತ ಮೇಡಂ ಕೇಳಿದರು. ಮೆಣಸು, ಹತ್ತಿಬಟ್ಟೆ, ಮುತ್ತು ಕೊಂಡುಕೊಳ್ಳೋದಕ್ಕೆ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಎಳೆದುಕೊಳ್ಳುತ್ತಿದೆ ಅಂತ ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಗೊಣಗಿದ್ದನಂತೆ. ನಾವು ಇಕನಾಮಿಕ್ಸ್‌ನಲ್ಲಿ ವ್ಯಾಪಾರದ ಕೊರತೆ ಅಂತ ಓದುವುದು ಇದನ್ನೇ ಅಲ್ವಾ? ಹೆಪ್ಸ್‌ನವರಿಗೆ ಬೇರೆ ಪ್ರಶ್ನೆ: ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿಕೊಂಡವರು ಮತ್ತೆ ಒಬ್ಬನ ಕೈಗೆ ಎಲ್ಲವನ್ನೂ ಕೊಟ್ಟದ್ದು ಯಾಕೆ?

ಪುನರುಜ್ಜೀವನದ ಪಾಠ ನನಗೆ ತುಂಬಾ ಇಷ್ಟವಾಗಿದ್ದು ಚಿತ್ರಗಳಿಂದಲ್ಲ. ಆಗ ಅಕೌಂಟೆನ್ಸಿಯಲ್ಲಿ ಜರ್ನಲ್, ಲೆಡ್ಜರ್ ಮಾಡುತ್ತಾ ತಲೆ ಚಿಟ್ಟು ಹಿಡಿದಿತ್ತು. ಈ ಡೆಬಿಟ್-ಕ್ರೆಡಿಟ್ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ವಿವರಿಸಿದವನು ಲುಕಾ ಪಾಚೋಲಿ ಎಂಬ ಸನ್ಯಾಸಿ ಅಂತ ಮೇಡಂ ಹೇಳಿದರು. ಅವನು ಕಂಡುಹಿಡಿದದ್ದಲ್ಲ. ಇಟಲಿಯ ವ್ಯಾಪಾರಿಗಳು ಮೊದಲಿನಿಂದ ಬರೆಯುತ್ತಿದ್ದದ್ದನ್ನೇ ಅವನು ಬರೆದಿಟ್ಟ. ಅದೇ ಪಾಚೋಲಿ ಲಿಯೊನಾರ್ಡೊ ಡ ವಿಂಚಿಯ ಗೆಳೆಯ. ಅವನ ಇನ್ನೊಂದು ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟದ್ದು ಲಿಯೊನಾರ್ಡೊ. ನಮ್ಮ ಅಕೌಂಟೆನ್ಸಿ ಸರ್‌ಗೆ ಇದನ್ನು ಹೇಳಿದಾಗ ಅವರು, "ಮೊದಲು ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಮಾಡಪ್ಪ" ಅಂದರು.

35 ಅಂಕದವರಿಗೆ ಪಾಸಿಂಗ್ ಪ್ಯಾಕೇಜ್ ಇತ್ತು. ಒಂದು ಅಂಕದ ಪ್ರಶ್ನೆಗಳು, ಇಸವಿಗಳು, ನಕ್ಷೆ. ಮೇಡಂ ಅದನ್ನೂ ಕೀಳಾಗಿ ನೋಡಲಿಲ್ಲ. ಫ್ರೆಂಚ್ ಕ್ರಾಂತಿ ಅಂದರೆ 1789ರ ಜುಲೈ 14, ಬ್ಯಾಸ್ಟಿಲ್ ಕೋಟೆ. ಅಷ್ಟು ಬರೆಸಿ, "ಅಷ್ಟು ದೊಡ್ಡ ಜೈಲು ಒಡೆದರಲ್ಲ, ಒಳಗೆ ಎಷ್ಟು ಕೈದಿಗಳಿದ್ದರು ಹೇಳಿ ನೋಡೋಣ?" ಅಂದರು. ನೂರು, ಸಾವಿರ ಅಂತ ಕೂಗಿದೆವು. ಇದ್ದದ್ದು 7 ಜನ. ಹಾಗಾದರೆ ಒಡೆದದ್ದು ಯಾಕೆ? ಮುಖ್ಯವಾಗಿ ಕೋವಿ ಮದ್ದಿನ ಪುಡಿಗೆ. ಹಿಂದಿನ ಬೆಂಚಿನಲ್ಲಿ ಯಾವತ್ತೂ ಬಾಯಿ ಬಿಡದವರು ಅವತ್ತು ಬೆಲ್ ಹೊಡೆದರೂ ಎದ್ದಿರಲಿಲ್ಲ. ಅವರಲ್ಲೊಬ್ಬ ಸೇನಾ ಭರ್ತಿಗೆ ಅಂತ ದಿನಾ ಬೆಳಗ್ಗೆ ಓಡುತ್ತಿದ್ದ. ಮೊದಲ ಮಹಾಯುದ್ಧದ ಪಾಠದಲ್ಲಿ ಮೇಡಂ ಅವನನ್ನು ಎಬ್ಬಿಸಿ ನಿಲ್ಲಿಸಿ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದರು. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಬಿಡಿಸಿದ್ದು ಕುದುರೆ ಮೇಲಿದ್ದ ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬಸ್ಸಲ್ಲಿ ಹೋಗುವಾಗ ಎಷ್ಟು ಜನ ನೋಡುತ್ತಾರೋ!

ಎಲ್ಲರನ್ನೂ ಒಂದೇ ಕಡೆ ಕಟ್ಟಿಹಾಕಿದ ಪಾಠ ಅಂದರೆ 1923ರ ಜರ್ಮನಿ. ಆ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಬೋರ್ಡಿನ ಮೇಲೆ ಸೊನ್ನೆ ಬರೆಯುತ್ತಾ ಹೋದರು. ಹೆಬಾದವರು ಹೇಳಬೇಕಾದದ್ದು: ಇದರಲ್ಲಿ ಗೆದ್ದವರು ಯಾರು, ಸೋತವರು ಯಾರು? ಸಾಲ ಮಾಡಿದವರು ಗೆದ್ದರು. ಬ್ಯಾಂಕಿನಲ್ಲಿ ಕೂಡಿಟ್ಟವರು ಮುಳುಗಿದರು. ಹೆಪ್ಸ್‌ನವರಿಗೆ: ಅದೇ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ದಂಗೆ ಎಬ್ಬಿಸಿದ್ದಕ್ಕೂ ಇದಕ್ಕೂ ಏನು ಸಂಬಂಧ? ಎರಡು ಉತ್ತರವನ್ನೂ ಎಲ್ಲರೂ ಕೇಳಿಸಿಕೊಂಡೆವು. ಆಮೇಲೆ ಬಿ.ಕಾಂ.ನಲ್ಲಿ ಹಣದುಬ್ಬರದ ಪಾಠ ಬಂದಾಗ ನನಗೆ ಹೊಸದಾಗಿ ಕಲಿಯುವುದು ಜಾಸ್ತಿ ಇರಲಿಲ್ಲ.

ಎಲ್ಲರೂ ನನ್ನಷ್ಟು ಖುಷಿಯಾಗಿರಲಿಲ್ಲ. ಹೆಪ್ಸ್‌ನ ಗೆಳೆಯನೊಬ್ಬ ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಆಗ ಅವನ ಕಣ್ಣು ಯುಪಿಎಸ್‌ಸಿ ಮೇಲೆ. ಅಲ್ಲಿ ಮೇನ್ಸ್‌ನಲ್ಲಿ 18ನೇ ಶತಮಾನದಿಂದ ಈಚಿನ ಜಗತ್ತಿನ ಇತಿಹಾಸ ಕೇಳುತ್ತಾರೆ. ಕೈಗಾರಿಕಾ ಕ್ರಾಂತಿ, ವಸಾಹತುಗಳು, ಕಮ್ಯುನಿಸಂ, ಮಹಾಯುದ್ಧಗಳು. "ನಿಮಗೋಸ್ಕರ ಇಟಲಿ ಲೆಕ್ಕದ ಪುಸ್ತಕ, ಅವರಿಗೋಸ್ಕರ ಪಾಸಿಂಗ್ ಪ್ಯಾಕೇಜ್, ನನ್ನ ಪಾಲಿಗೆ ರಷ್ಯಾ ಕ್ರಾಂತಿ ಒಂದೇ ಪೀರಿಯಡ್ಡಲ್ಲಿ ಮುಗೀತು" ಅಂತ ಈಗಲೂ ಬೈಯುತ್ತಾನೆ. ಅವನ ಮಾತಿನಲ್ಲಿ ನ್ಯಾಯ ಇದೆ. ಎಲ್ಲರಿಗೂ ಒಬ್ಬರೇ ಪಾಠ ಮಾಡಿದರೆ ಆಳ ಬೇಕಾದವನಿಗೆ ಕೊರತೆ ಬೀಳುತ್ತದೆ. ಅವನು ಉಳಿದದ್ದನ್ನು ಲೈಬ್ರರಿಯಲ್ಲಿ ಒಬ್ಬನೇ ಕೂತು ಓದಿಕೊಂಡ. ಆದರೂ ಅವನನ್ನು ಬೇರೆ ರೂಮಿನಲ್ಲಿ ಕೂರಿಸಬೇಕಿತ್ತು ಅಂತ ನಾನು ಒಪ್ಪುವುದಿಲ್ಲ. ವಾರಕ್ಕೊಂದು ಹೆಚ್ಚಿನ ಕ್ಲಾಸು, ಕೈಗೆ ನಾಲ್ಕು ಒಳ್ಳೆ ಪುಸ್ತಕ ಸಿಕ್ಕಿದ್ದರೆ ಸಾಕಿತ್ತು.

ಈಗ ಹೆಬಾಕ್ಕೆ ಅರ್ಜಿ ಕಡಿಮೆಯಾಗುತ್ತಿದೆ, ಎಲ್ಲರಿಗೂ ಕಂಪ್ಯೂಟರ್ ಬೇಕು ಅಂತ ಕೇಳಿದ್ದೇನೆ. ಮುಚ್ಚುವ ಮಾತು ಬಂದರೆ, ಪ್ರಿನ್ಸಿಪಾಲರಲ್ಲಿ ಒಂದು ವಿನಂತಿ: ಹತ್ತು ಜನ ಬಂದರೂ ನಡೆಸಿ. ಜಾಗ, ಲೆಕ್ಚರರ್ ಸಾಲದಿದ್ದರೆ ನಮ್ಮ ಥರ ಹೆಪ್ಸ್‌ನವರ ಜೊತೆ ಕೂರಿಸಿ. ಲೈಬ್ರರಿಗೆ ಜಗತ್ತಿನ ಇತಿಹಾಸದ ಪುಸ್ತಕ ಕೊಡಿಸೋಕೆ ನಾನು, ಆ ಗೆಳೆಯ ಇಬ್ಬರೂ ತಯಾರಿದ್ದೇವೆ. ಯಾವ ಪುಸ್ತಕ ಅನ್ನುವುದನ್ನು ಮಾತ್ರ ಅವನೇ ಆರಿಸುತ್ತಾನಂತೆ.