ರಾ ಮೇಲಿನ ಸಾಲಿಗೆ, ಜೀವ ಕೆಳಗಿನ ಸಾಲಿಗೆ

ಒಂಬತ್ತನೇ ಕ್ಲಾಸಿಗೆ ಬರುವ ತನಕ ನನಗೆ ಪದ್ಯ ಅಂದರೆ ಬರೀ ಬಾಯಿಪಾಠ. ಆಮೇಲೆ ಛಂದಸ್ಸು, ಅಂದರೆ ಪದ್ಯದ ಲಯದ ನಿಯಮ ಬಂತು, ಲೆಕ್ಕವೂ ಸೇರಿಕೊಂಡಿತು. ಬೇಗ ಹೇಳಿ ಮುಗಿಸುವ ಅಕ್ಷರ ಲಘು, ಎಳೆದೋ ಭಾರ ಬಿಟ್ಟೋ ಹೇಳುವುದು ಗುರು. ಲಘುವಿಗೆ ಬಟ್ಟಲಿನ ಹಾಗೆ ಒಂದು ಗುರುತು, ಗುರುವಿಗೆ ಅಡ್ಡಗೆರೆ. ಹೇಳಲು ಹಿಡಿಯುವ ಹೊತ್ತಿನ ಅಳತೆ ಮಾತ್ರೆ: ಲಘು ಒಂದು ಮಾತ್ರೆ, ಗುರು ಎರಡು. ಅಕ್ಷರಗಳ ಮೇಲೆ ಈ ಗುರುತು ಬರೆದು ಪ್ರಸ್ತಾರ ಹಾಕಿ, ಗಣ ಅನ್ನುವ ಗುಂಪುಗಳಾಗಿ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದರೆ ಮಾರ್ಕ್ಸ್ ಗ್ಯಾರಂಟಿ ಅಂತ ಸೀನಿಯರ್‌ಗಳು ಹೇಳಿದ್ದರು. ನಾನು ಅಷ್ಟಕ್ಕೇ ಕಲಿಯಲು ಕೂತಿದ್ದೆ.

ನಮ್ಮ ಕನ್ನಡ ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಬೆರಳ ಗೆಣ್ಣಿನಿಂದ ಮೇಜು ತಟ್ಟಲು ಶುರು ಮಾಡಿದರು. ತಕಿಟ ತಕದಿಮಿ, ತಕಿಟ ತಕದಿಮಿ. ಮೂರು ನಾಲ್ಕು, ಮೂರು ನಾಲ್ಕು. ನಮಗೂ ತಟ್ಟಲು ಹೇಳಿದರು. ಇಡೀ ಕ್ಲಾಸು ಡೆಸ್ಕು ಬಡಿಯುವ ಸದ್ದಿಗೆ ಪಕ್ಕದ ರೂಮಿನ ಮೇಡಂ ಬಂದು ಇಣುಕಿ ಹೋದರು. ನಾವು ತಟ್ಟುತ್ತಲೇ ಇದ್ದೆವು, ಅದರ ಮೇಲೆಯೇ ಅವರು ಕುಮಾರವ್ಯಾಸ ಭಾರತದ ಮೊದಲ ಪದ್ಯ, "ಶ್ರೀವನಿತೆಯರಸನೆ ವಿಮಲ ರಾಜೀವಪೀಠನ ಪಿತನೆ" ಅನ್ನುವುದನ್ನು, ತಾಳಕ್ಕೆ ಮುರಿದು ಹೇಳಿದರು. ಶ್ರೀವ, ನಿತೆಯರ, ಸನೆವಿ, ಮಲರಾ. ಜೀವ, ಪೀಠನ, ಪಿತನೆ, ಜಗಕತಿ. ಪದ್ಯ ಆ ತಾಳದೊಳಗೆ ತಾನಾಗಿ ಹೋಗಿ ಕೂತುಬಿಟ್ಟಿತು. ಅದೆಲ್ಲ ಆದ ಮೇಲೆ, ಪೀರಿಯಡ್ಡು ಮುಗಿಯುವ ಹೊತ್ತಿಗೆ, "ಇದರ ಹೆಸರು ಭಾಮಿನಿ ಷಟ್ಪದಿ ಕಣ್ರೋ" ಅಂದರು.

ಹೆಸರು ಆಮೇಲೆ, ಕಿವಿ ಮೊದಲು. ಇದೊಂದನ್ನು ನಾನು ಆ ಮೇಷ್ಟ್ರಿಂದ ಕಲಿತೆ. ಈಗಲೂ ಹೊಸ ಪದ್ಯ ಕೈಗೆ ಬಂದರೆ ಮೊದಲು ಗಟ್ಟಿಯಾಗಿ ಓದುತ್ತೇನೆ.

ಲೆಕ್ಕ ಮರುದಿನ ಬಂತು. ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರನೆಯದಕ್ಕೂ ಆರನೆಯದಕ್ಕೂ 23. ಒಟ್ಟು 102. ನನ್ನ ಪಕ್ಕ ಕೂರುತ್ತಿದ್ದವನಿಗೆ ಲೆಕ್ಕ ಅಂದರೆ ಜ್ವರ, ಆದರೆ ಅವರ ಮನೆಯಲ್ಲಿ ಯಕ್ಷಗಾನದ ಪ್ರಸಂಗ ಪುಸ್ತಕಗಳಿದ್ದವು, ಪದ್ಯದ ನೆತ್ತಿಯ ಮೇಲೆ ಭಾಮಿನಿ, ವಾರ್ಧಕ ಅಂತ ಬರೆದಿರುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ, ಮನೆಯವರು ಹಾಡುವುದನ್ನು ಕೇಳಿದ್ದ. ಮಾತ್ರೆ ಎಣಿಸದೆಯೇ ಇದು ಭಾಮಿನಿ, ಇದು ಅಲ್ಲ ಅಂತ ಹೇಳುತ್ತಿದ್ದ. ತಪ್ಪುತ್ತಲೇ ಇರಲಿಲ್ಲ.

ಆಗ ನನಗೊಂದು ಅನುಮಾನ ಬಂತು. ಮೊದಲ ಸಾಲು "ವಿಮಲ ರಾ" ಅಂತ ನಿಂತುಬಿಡುತ್ತದೆ, ಎರಡನೆಯದು "ಜೀವ" ಅಂತ ಶುರುವಾಗುತ್ತದೆ. ರಾಜೀವ ಅನ್ನುವ ಒಂದೇ ಪದವನ್ನು ನಡುವೆ ಮುರಿಯೋದಾ? "ಸಾರ್, ಇದು ಪ್ರಿಂಟ್ ಮಿಸ್ಟೇಕಾ?" ಅಂತ ಎದ್ದು ಕೇಳಿದೆ. ಮೇಷ್ಟ್ರು ನಗಲಿಲ್ಲ. ಪುಸ್ತಕದ ಎಡ ಅಂಚಿನಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಓದು ಅಂದರು. ಶ್ರೀವ. ಜೀವ. ಪಾವ. ರಾವ. ಧಾವಿ. ಕಾವು. ಆರು ಸಾಲಿನಲ್ಲೂ ಎರಡನೇ ಅಕ್ಷರ ವಕಾರ, ಅದರ ಹಿಂದಿನದು ಆರೂ ಕಡೆ ಗುರು. ಆದಿಪ್ರಾಸ ಅಂದರೆ ಇದು. ರಾಜೀವ ಇಡಿಯಾಗಿ ಉಳಿದಿದ್ದರೆ 14ರ ಲೆಕ್ಕವೂ ತಪ್ಪುತ್ತಿತ್ತು, ಈ ವಕಾರದ ಸಾಲೂ ಕೂರುತ್ತಿರಲಿಲ್ಲ. ಅಲ್ಲಿಯ ತನಕ ಪ್ರಾಸ ಅಂದರೆ ಸಾಲಿನ ಕೊನೆಯಲ್ಲಿ ಬರೋದು ಅಂದುಕೊಂಡಿದ್ದ ನನಗೆ ಆವತ್ತು ಮೈ ಜುಂ ಅಂದಿತ್ತು.

ಪದಗಳನ್ನೂ ಹೀಗೇ ಬಿಡಿಸುತ್ತಿದ್ದರು. ರಾಜೀವ ಅಂದರೆ ತಾವರೆ, ತಾವರೆಯನ್ನೇ ಪೀಠ ಮಾಡಿಕೊಂಡು ಕೂತವನು ಬ್ರಹ್ಮ, ಅವನ ಅಪ್ಪ ವಿಷ್ಣು. "ವಿಷ್ಣುವೇ" ಅಂದಿದ್ದರೆ ಒಂದು ಮಾತಲ್ಲಿ ಮುಗಿಯುತ್ತಿತ್ತು, ಕವಿ ನಮ್ಮನ್ನು ಮೂರು ಮೆಟ್ಟಿಲು ಹತ್ತಿಸುತ್ತಾನೆ. "ಕಾವುದಾನತ" ನೋಡಿ ನಾನು ಯಾವುದೋ ಸಂಸ್ಕೃತ ಪದ ಅಂದುಕೊಂಡಿದ್ದೆ. ಕಾವುದು, ಆನತ ಅಂತ ಬಿಡಿಸಿದ ಕೂಡಲೇ ಅದು ಬಾಗಿ ನಿಂತವರನ್ನು ಕಾಪಾಡು ಅನ್ನುವ ಪ್ರಾರ್ಥನೆಯಾಯಿತು.

ಉಪಮೆ, ರೂಪಕ ಎಲ್ಲ ಅವತ್ತಿನ ಗೈಡುಗಳಲ್ಲಿದ್ದ ಹಾಗೇ ಕಲಿತೆವು, ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಆದರೆ ಪ್ರಸ್ತಾರದಲ್ಲಿ ಮಾಡಿದ ತಪ್ಪು ಮಾತ್ರ ಚೆನ್ನಾಗಿ ನೆನಪಿದೆ. "ಸಜ್ಜನ"ದಲ್ಲಿ ಸ ಮೇಲೆ ಲಘು ಹಾಕಿದ್ದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುವ ನಿಯಮ ಬಾಯಿಗೆ ಬರುತ್ತಿತ್ತು, ಕೈಗೆ ಬಂದಿರಲಿಲ್ಲ. ಮೇಷ್ಟ್ರು ಕೆಂಪು ಇಂಕಿನಲ್ಲಿ ತಿದ್ದಲಿಲ್ಲ. ಹತ್ತಿರ ಕರೆದು ಆ ಪದವನ್ನು ಹತ್ತು ಸಲ ಹೇಳಿಸಿದರು. ಸಜ್, ಜನ. ನಾಲಿಗೆ ಸ ಮೇಲೆ ಭಾರ ಬಿಟ್ಟು ನಿಲ್ಲುವುದು ನನಗೇ ಗೊತ್ತಾಯಿತು. ಅದೇ ಪದ್ಯದ ಮೂರನೇ ಸಾಲಿನ ಕೊನೆಯ "ದಾತಾರ"ದ ರ ಲಘುವಾಗಿದ್ದರೂ ಯಾಕೆ ಗುರು ಅಂತ ಎಣಿಸುತ್ತಾರೆ ಅನ್ನೋದೂ ಹಾಗೇ, ಅಲ್ಲಿ ದನಿ ಕೂತು ಉಸಿರು ತೆಗೆದುಕೊಳ್ಳುತ್ತದೆ ಅಲ್ವಾ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಗದಗಕ್ಕೆ ಹೋಗಿದ್ದೆ. ಸಂಜೆ ಬಿಡುವಾಗಿತ್ತು, ಸುಮ್ನೆ ವೀರನಾರಾಯಣನ ಗುಡಿಗೆ ನಡೆದೆ. ಕುಮಾರವ್ಯಾಸ ಅಲ್ಲಿನ ಒಂದು ಕಂಬಕ್ಕೆ ಒರಗಿ ಕೂತು ಕಾವ್ಯ ಬರೆದ ಅಂತ ಜನ ಹೇಳುತ್ತಾರೆ, ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಅದರ ಹತ್ತಿರ ಕೂತು ಮನಸ್ಸಿನಲ್ಲೇ ಪದ್ಯ ಹೇಳಿಕೊಂಡೆ, ಬೆರಳು ತನ್ನಷ್ಟಕ್ಕೆ ಮೊಣಕಾಲು ತಟ್ಟುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ದೇವರ ಹೆಸರು ವೀರನಾರಾಯಣ. ಪದ್ಯದಲ್ಲಿರೋದು ವೀರನಾರಯಣ. ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ತನ್ನ ದೇವರ ಹೆಸರಿನ ಒಂದು ದೀರ್ಘವನ್ನೇ ಕವಿ ಪದ್ಯಕ್ಕೋಸ್ಕರ ತೆಗೆದಿದ್ದಾನೆ.

ಮೇಷ್ಟ್ರಿಗೆ ಇದನ್ನು ಹೇಳೋಣ ಅಂದರೆ ಅವರು ಈಗ ಇಲ್ಲ. ಮತ್ತೊಮ್ಮೆ ತಟ್ಟಿ ನೋಡಿದೆ. ವೀರ. ನಾರಯ. ಣ. ಮೂರು, ನಾಲ್ಕು, ಕೊನೆಗೆ ಒಂದು ಗುರು.