ಅಂಗೈಯಲ್ಲಿ ಕುಳಿತವನೊಡನೆ ಜಗಳ

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಚೀಲಗಳ ಸಾಲು ದಾಟಿ ಅಂಗಡಿ ಸೇರುವಷ್ಟರಲ್ಲಿ ಸೆರಗು, ಕೈಚೀಲ, ಬುತ್ತಿ ಎಲ್ಲವೂ ಘಾಟು ಹಿಡಿದಿರುತ್ತವೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಓದಿರುತ್ತಾರೆ. ಅವರು ಒಮ್ಮೆ ಫೆಬ್ರುವರಿಯಲ್ಲಿ ಬಂದು ಇಲ್ಲಿ ನಿಲ್ಲಬೇಕು.

ಈ ಉದ್ಯೋಗದ ಗುಣ ಮನೆಯ ದೇವರ ಜಗಲಿಯವರೆಗೂ ಬಂದಿತ್ತು. ದೇವರ ಹೆಸರಿನಲ್ಲಿ ನಾನು ಒಂದು ಖಾತೆಯನ್ನೇ ತೆರೆದಿದ್ದೆ. ಅಂಗಡಿಯ ಹಳೆಯ ಡೈರಿಯ ಕೊನೆಯ ಪುಟಗಳಲ್ಲಿ ಹರಕೆಗಳನ್ನು ಬರೆದಿಡುತ್ತಿದ್ದೆ. ಮಗ ಹತ್ತನೇ ತರಗತಿ ಪಾಸಾದರೆ ದೇವರಗುಡ್ಡದ ಮಾಲತೇಶನಿಗೆ ಇಷ್ಟು, ಮೊದಲ ದರ್ಜೆ ಬಂದರೆ ಇನ್ನಷ್ಟು. ಮನೆಯ ಯಜಮಾನರ ಬೆನ್ನುನೋವು ಇಳಿದರೆ ಉಳವಿ ಜಾತ್ರೆಗೆ ಹೋಗಿ ಚನ್ನಬಸವಣ್ಣನವರ ದರ್ಶನ. ಮಗಳಿಗೆ ಕೆಲಸ ಸಿಕ್ಕರೆ ಬೆಳ್ಳಿಯ ಕಣ್ಣುಬೊಟ್ಟು. ತೀರಿಸಿದ ಹರಕೆಗೆ ಅಡ್ಡಗೆರೆ ಎಳೆಯುತ್ತಿದ್ದೆ. ಬಾಕಿ ಉಳಿಸಿಕೊಂಡವಳಲ್ಲ ನಾನು. ಇದನ್ನೇ ಭಕ್ತಿ ಎಂದುಕೊಂಡಿದ್ದೆ, ನಮ್ಮ ಓಣಿಯ ಅರ್ಧಕ್ಕರ್ಧ ಜನರೂ ಹಾಗೆಯೇ ಅಂದುಕೊಂಡಿದ್ದಾರೆ.

2024ರಲ್ಲಿ ಕಾಯಿಯ ಬೆಲೆ ಕುಸಿದಾಗ ಈ ಲೆಕ್ಕ ಕೆಟ್ಟಿತು. ಯಜಮಾನರು ಇನ್ನೊಬ್ಬರ ಜೊತೆ ಪಾಲಿನಲ್ಲಿ ಮಾಲು ಖರೀದಿಸಿ, ದರ ಏರುತ್ತದೆ ಎಂದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದರು. ದರ ಏರಲಿಲ್ಲ. ಬಾಡಿಗೆ ಮತ್ತು ಬಡ್ಡಿ ಮಾತ್ರ ತಿಂಗಳು ತಪ್ಪದೆ ಏರಿದವು. ಒಂದು ದೊಡ್ಡ ಹರಕೆಯನ್ನೇ ಹೊರೋಣ ಎಂದು ಡೈರಿ ತೆರೆದವಳು ಪೆನ್ನು ಹಿಡಿದು ಸುಮ್ಮನೆ ಕುಳಿತೆ. ಕೊಡುತ್ತೇನೆ ಎಂದು ಬರೆಯಲು ಕೈಯಲ್ಲಿ ಏನೂ ಇರಲಿಲ್ಲ. ಕೊಡುವ ಮಾತನ್ನು ಬಿಟ್ಟರೆ ದೇವರ ಹತ್ತಿರ ಬೇರೆ ಯಾವ ಮಾತು ಆಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕಲಿಸಬಲ್ಲವರು ಮನೆಯಲ್ಲೇ ಇದ್ದರು. ನಮ್ಮ ಅತ್ತೆಗೆ ಎಂಬತ್ತರ ಆಸುಪಾಸು. ಮೂರನೇ ತರಗತಿಗೆ ಶಾಲೆ ಬಿಟ್ಟವರು, ಸಕ್ಕರೆ ಕಾಯಿಲೆ ಇದೆ, ಮೊಣಕಾಲು ಮಡಚುವುದಿಲ್ಲ. ಆದರೂ ದಿನವೂ ನಸುಕಿನಲ್ಲಿ ಸ್ನಾನ ಮುಗಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತು ಲಿಂಗಪೂಜೆ ಮಾಡುತ್ತಾರೆ. ಪೂಜೆಯಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ನನ್ನ ಲಿಂಗ ಎಲ್ಲಿದೆ ಎಂದು ಅವರು ಎಂದೂ ಕೇಳಿರಲಿಲ್ಲ. ಅದು ತಿಜೋರಿಯಲ್ಲಿ ಒಡವೆಗಳ ಜೊತೆಗಿತ್ತು, ಲಿಂಗವನ್ನಿಡುವ ಕರಡಿಗೆ ಬೆಳ್ಳಿಯದು ಎಂಬ ಕಾರಣಕ್ಕೆ.

ಮದುವೆಯಲ್ಲಿ ಅಯ್ಯನವರು ಕಟ್ಟಿದ ಲಿಂಗ ಅದು. ಮಗ ಚಿಕ್ಕವನಿದ್ದಾಗ ಅದನ್ನು ಕೊರಳಿಗೆ ಕಟ್ಟುವ ಶಿವದಾರ ಹಿಡಿದು ಎಳೆಯುತ್ತಾನೆ ಎಂದು ತೆಗೆದಿಟ್ಟದ್ದು ಹಾಗೆಯೇ ಉಳಿದಿತ್ತು. ಹೊರಗೆ ತೆಗೆದು ಅತ್ತೆಯ ಮುಂದೆ ಹಿಡಿದಾಗ ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ದಾರ ಜೀರ್ಣವಾಗಿದೆ, ಹೊಸದು ತರಿಸು ಎಂದಷ್ಟೇ ಹೇಳಿದರು.

ಈ ಬರಹ ಓದುವವರಲ್ಲಿ ಇಷ್ಟಲಿಂಗವನ್ನು ಹತ್ತಿರದಿಂದ ನೋಡದವರೂ ಇರಬಹುದು, ಅವರಿಗಾಗಿ ಎರಡು ಮಾತು. ಗುಡಿಯಲ್ಲಿ ನೆಟ್ಟಿರುವುದು ಸ್ಥಾವರಲಿಂಗ. ಇಷ್ಟಲಿಂಗ ಒಬ್ಬೊಬ್ಬರಿಗೂ ಬೇರೆ. ಗುರು ಕೊಟ್ಟದ್ದನ್ನು ಎದೆಯ ಮೇಲೆ ಧರಿಸಬೇಕು, ಎಡ ಅಂಗೈಯಲ್ಲಿಟ್ಟು ತಾನೇ ಪೂಜಿಸಬೇಕು, ಸತ್ತಾಗ ಅದು ಮಣ್ಣಿಗೂ ಜೊತೆಗೇ ಬರುತ್ತದೆ. ನಡುವೆ ಪೂಜಾರಿ ಇಲ್ಲ. ತಾನು ಉಣ್ಣುವ ಊಟವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಲಾದೀತೇ, ಹಾಗಿರುವಾಗ ತನ್ನ ಲಿಂಗದ ನಿತ್ಯನೇಮವನ್ನು ಇನ್ನೊಬ್ಬರಿಂದ ಮಾಡಿಸುವುದು ಹೇಗೆ ಎಂದು ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಕೇಳಿದ್ದಾರೆ. ಒಬ್ಬೊಬ್ಬ ಶರಣರು ಕರೆದ ಹೆಸರೂ ಬೇರೆ: ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮರಿಗೆ ಗುಹೇಶ್ವರ, ದಾಸಿಮಯ್ಯನವರಿಗೆ ರಾಮನಾಥ. ಶಾಲೆಯಲ್ಲಿ ನಾವು ಇವನ್ನು ಅಂಕಿತನಾಮ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಇವರು ನಿಜವಾಗಿಯೂ ಒಬ್ಬರನ್ನು ಹೆಸರು ಹಿಡಿದು ಕೂಗುತ್ತಿದ್ದರು ಎಂಬುದು ನಮ್ಮ ಬೆಂಚಿನಲ್ಲಿ ಯಾರಿಗೂ ಹೊಳೆದಿರಲಿಲ್ಲ, ಪಾಠ ಮಾಡಿದವರಿಗೆ ಹೊಳೆದಿತ್ತೋ ಏನೋ.

ಅತ್ತೆ ಕಲಿಸಿದ್ದು ಕೈಯ ಕೆಲಸವನ್ನು ಮಾತ್ರ. ವಿಭೂತಿ ಧರಿಸು, ಲಿಂಗವನ್ನು ಅಂಗೈಯಲ್ಲಿಡು, ನೀರೆರೆ, ಬಟ್ಟೆಯಿಂದ ಒರೆಸು, ವಿಭೂತಿ ಹಚ್ಚು, ಒಂದು ಪತ್ರಿ, ಒಂದು ಹೂವು, ಊದಿನಕಡ್ಡಿ, ಚಿಟಿಕೆ ಸಕ್ಕರೆಯಾದರೂ ನೈವೇದ್ಯ. ಆಮೇಲೆ ಹೂ ಪತ್ರಿ ತೆಗೆದು, ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡು. ಒಳಗೆ ನಮಃ ಶಿವಾಯ ನಡೆಯುತ್ತಿರಲಿ. ಏನನ್ನು ನೋಡಬೇಕು ಎಂದು ಕೇಳಿದೆ. ಲಿಂಗದ ಕಪ್ಪು ಮೈಮೇಲೆ ದೀಪ ಒಂದು ಚುಕ್ಕೆಯಾಗಿ ಹೊಳೆಯುತ್ತದಲ್ಲ, ಅದನ್ನು ನೋಡು ಎಂದರು.

ಮೊದಲು ತಿಳಿದದ್ದು ತೋಳು ನೋಯುತ್ತದೆ ಎಂಬುದು. ಬಲಗೈಯನ್ನು ಎಡಮೊಣಕೈಗೆ ಆಸರೆ ಕೊಟ್ಟು ಹಿಡಿಯುವುದನ್ನು ಅತ್ತೆ ತೋರಿಸಿದರು. ಕಣ್ಣು ಮಿಟುಕಿಸದೆ ನೋಡಲು ಹೋದರೆ ನೀರು ಸುರಿಯುತ್ತದೆ, ಅರ್ಧ ಮುಚ್ಚಿ ನೋಡಬೇಕು. ಸ್ವಲ್ಪ ಹೊತ್ತಾದ ಮೇಲೆ ಲಿಂಗದ ಸುತ್ತ ಬೆಳಕಿನ ಉಂಗುರ ಕಾಣಿಸಿತು. ನಾನು ಪುಳಕಗೊಂಡು ಅತ್ತೆಗೆ ಹೇಳಿದೆ. ಗೋಡೆಯ ಮೇಲಿನ ಗಡಿಯಾರವನ್ನು ಅಷ್ಟು ಹೊತ್ತು ನೋಡಿದರೂ ಕಾಣಿಸುತ್ತದೆ ಎಂದರು. ಪರೀಕ್ಷಿಸಿ ನೋಡಿದೆ, ನಿಜ. ಅಂದಿನಿಂದ ನನಗೆ ಅತ್ತೆಯ ಮೇಲೆ ನಂಬಿಕೆ ಹೆಚ್ಚಾಯಿತು. ಕಣ್ಣಿನ ಗುಣವನ್ನು ಪವಾಡವೆಂದು ಮಾರುವವರು ಮೊಬೈಲಿನ ತುಂಬ ಇದ್ದಾರೆ; ನಮ್ಮ ಅತ್ತೆ ಆ ವ್ಯಾಪಾರದವರಲ್ಲ.

ಮಾರುಕಟ್ಟೆಯ ಮರುದಿನಗಳ ಕಷ್ಟ ಬೇರೆಯೇ. ಎಷ್ಟು ಸಾಬೂನು ಹಚ್ಚಿದರೂ ಉಗುರಿನ ಸಂದಿಯಲ್ಲಿ ಕಾಯಿಯ ಅಂಶ ಉಳಿಯುತ್ತದೆ. ಮಿಟುಕಿಸದ ಕಣ್ಣು ತುರಿಸಿತೆಂದು ಬೆರಳು ತಾಗಿಸಿದರೆ ಮುಗಿಯಿತು, ಆ ದಿನದ ಕಣ್ಣೀರಿಗೂ ಭಕ್ತಿಗೂ ಯಾವ ಸಂಬಂಧವೂ ಇರುವುದಿಲ್ಲ. ಈಗ ಮೊದಲು ಎಣ್ಣೆ ಹಚ್ಚಿಕೊಂಡು, ಆಮೇಲೆ ಕಡಲೆಹಿಟ್ಟಿನಲ್ಲಿ ಕೈ ತಿಕ್ಕಿ ತೊಳೆಯುತ್ತೇನೆ.

ಕೈ ಕಲಿತರೂ ಬಾಯಿ ಕಲಿಯಲಿಲ್ಲ. ಮಂತ್ರ ನಡೆಯುತ್ತಿರುವಾಗಲೇ ಮನಸ್ಸು ಬಡ್ಡಿಯ ಲೆಕ್ಕ ಹಾಕುತ್ತಿತ್ತು, ಅದೂ ಚಕ್ರಬಡ್ಡಿ. ಏನಾದರೂ ಹೇಳಬೇಕೆಂದು ಹೊರಟರೆ ಪಠ್ಯಪುಸ್ತಕದ ಕನ್ನಡ ಬರುತ್ತಿತ್ತು: ಹೇ ಪರಮಾತ್ಮ, ಕರುಣಾಸಾಗರ. ನನ್ನ ಬಾಯಿಗೆ ಹೊಂದದ ಮಾತು. ನನಗೇ ನಗು ಬಂದು ನಿಲ್ಲಿಸುತ್ತಿದ್ದೆ.

ಒಂದು ದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ ಹೊತ್ತಿಗೆ ಪಕ್ಕದ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಿದ್ದಾರೆ ಎಂದುಕೊಂಡೆ. ಮೊಣಕಾಲು ರಾತ್ರಿಯಿಡೀ ಮಲಗಲು ಬಿಡಲಿಲ್ಲ, ನಿನಗೆ ಗೊತ್ತಿಲ್ಲವೇ. ಮಳೆ ಹೀಗೆ ಕೈಕೊಟ್ಟರೆ ಜೋಳ ಎಲ್ಲಿಂದ ಬರಬೇಕು. ಮಗ ಮುಖ ಬಾಡಿಸಿಕೊಂಡು ತಿರುಗುತ್ತಾನೆ, ನನ್ನ ಮುಂದೆ ಏನೂ ಹೇಳುವುದಿಲ್ಲ. ಕೊನೆಗೆ, ಸೊಸೆ ಒಳ್ಳೆಯವಳೇ, ಆದರೆ ಚಹಾಕ್ಕೆ ಸಕ್ಕರೆಯನ್ನೇ ಹಾಕುವುದಿಲ್ಲ, ನೀನಾದರೂ ಸ್ವಲ್ಪ ಬುದ್ಧಿ ಹೇಳು.

ನಾನು ಲಟ್ಟಣಿಗೆಯಂತಹ ಸಪ್ಪಳವಾಗುವ ಯಾವುದನ್ನೂ ಮುಟ್ಟದೆ ನಿಂತುಬಿಟ್ಟೆ. ಡಾಕ್ಟರು ಬೇಡವೆಂದ ಸಕ್ಕರೆಗಾಗಿ ನನ್ನ ಮೇಲೆ ದೂರು ಹೋಗಿತ್ತು, ನೇರವಾಗಿ ಮೇಲಿನವರಿಗೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜಗದಷ್ಟು ಮುಗಿಲಷ್ಟು ಅಗಲವಾದವನು ನನ್ನ ಕರಸ್ಥಲಕ್ಕೆ, ಎಂದರೆ ಅಂಗೈಗೆ, ಬಂದು ಚಿಕ್ಕವನಾದ ಎಂದು ಬಸವಣ್ಣನವರು ಬೆರಗಾದದ್ದನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಚಿಕ್ಕವನಾದರೆ ಎಷ್ಟು ಚಿಕ್ಕವನು ಎಂಬುದು ಅಂದು ಗೊತ್ತಾಯಿತು: ಚಹಾದ ಸಕ್ಕರೆಯ ಪಂಚಾಯಿತಿಗೂ ಕರೆಯಬಹುದಾದಷ್ಟು.

ಮರುದಿನ ನಾನೂ ಬಾಯಿಬಿಟ್ಟೆ. ಮೊದಲ ಮಾತೇ ಜಗಳದ್ದು. ಇಷ್ಟು ವರ್ಷ ಒಂದು ಹರಕೆಯನ್ನೂ ಬಾಕಿ ಇಟ್ಟಿಲ್ಲ, ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಕೊಳೆಯುವುದಿಲ್ಲ ನಿಜ, ಆದರೆ ನಾವು ಕೊಳೆಯುತ್ತಿದ್ದೇವೆ, ನಿನಗೆ ಕಾಣುವುದಿಲ್ಲವೇ ಎಂದೆ. ಉತ್ತರವೇನೂ ಬರಲಿಲ್ಲ. ಬಂದಿದ್ದರೆ ನಾನು ಮನೋರೋಗ ತಜ್ಞರ ಹತ್ತಿರ ಹೋಗಬೇಕಾಗುತ್ತಿತ್ತು. ಆದರೆ ಯಜಮಾನರಿಗೆ ಹೇಳಿದರೆ ಅವರು ಕುಗ್ಗುತ್ತಾರೆ, ಮಗಳಿಗೆ ಹೇಳಿದರೆ ಅಳುತ್ತಾಳೆ, ತವರಿಗೆ ಹೇಳಿದರೆ ಊರಿಗೇ ಹೇಳಿದಂತೆ ಎಂದು ನುಂಗಿಕೊಂಡಿದ್ದ ಮಾತುಗಳೆಲ್ಲ ಒಂದು ಜಾಗಕ್ಕೆ ಹೋದವು. ಆಮೇಲೆ ಲಿಂಗವನ್ನು ನೋಡುತ್ತ ಕುಳಿತಾಗ ಬಡ್ಡಿಯ ಲೆಕ್ಕ ತಾನಾಗಿ ನಿಂತಿತ್ತು, ಹೇಳಿ ಮುಗಿದಿತ್ತಲ್ಲ.

ಹೀಗೆ ಬೈಯುವುದು ತಪ್ಪಲ್ಲವೇ ಎಂದು ಅತ್ತೆಯನ್ನು ಕೇಳಿದ್ದಕ್ಕೆ ಅವರು ನುಲಿಯ ಚಂದಯ್ಯನ ಕಥೆ ಹೇಳಿದರು. ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದ ಶರಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಅವನು ತಿರುಗಿಯೂ ನೋಡದೆ ಹೊರೆ ಹೊತ್ತು ನಡೆದ. ಲಿಂಗವೇ ಬೆನ್ನುಹತ್ತಿ, ನನ್ನನ್ನು ಬಿಡಬೇಡ ಎಂದು ಗೋಗರೆಯಿತಂತೆ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ ಮೇಲೆ, ಹಾಗಾದರೆ ನೀನೂ ದುಡಿ ಎಂದು ಚಂದಯ್ಯ ಲಿಂಗಕ್ಕೆ ಹಗ್ಗ ಮಾರುವ ಕಾಯಕ ಕೊಟ್ಟ. ಲಿಂಗ ಬಸವಣ್ಣನವರಿಗೆ ಹಗ್ಗ ಮಾರಿ ಹೊನ್ನಿನ ರಾಶಿ ತಂದರೆ, ಹಗ್ಗದ ಬೆಲೆ ಇಷ್ಟಿಲ್ಲ ಎಂದು ಚಂದಯ್ಯ ಅದಕ್ಕೂ ತಕರಾರು ತೆಗೆದ. ಶರಣರ ಸಂವಾದಗಳನ್ನು ವಚನಗಳೊಡನೆ ಹೆಣೆದ ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ದೊಡ್ಡ ತತ್ತ್ವಚರ್ಚೆಯಾಗಿ ಬರುತ್ತದೆ. ದಲಾಲಿ ಅಂಗಡಿಯವಳಾದ ನನಗೆ ಹಿಡಿಸಿದ್ದು, ದೇವರೇ ಮಾರಿ ಬಂದರೂ ಸರಿಯಾದ ದರಕ್ಕಿಂತ ಹೆಚ್ಚು ಮುಟ್ಟದ ಆ ಮನುಷ್ಯ.

ಇನ್ನೊಂದು ಸಂಗತಿಯನ್ನು ಹೆಂಗಸರಿಗಾಗಿ ಬರೆಯಬೇಕು. ನನ್ನ ತವರಿನಲ್ಲಿ ತಿಂಗಳ ಆ ದಿನಗಳಲ್ಲಿ ಜಗಲಿಯ ಹತ್ತಿರ ಸುಳಿಯುವಂತಿರಲಿಲ್ಲ. ಪೂಜೆ ಆರಂಭಿಸಿದ ಹೊಸತರಲ್ಲಿ ಆ ದಿನ ಬಂದಾಗ ನಾನು ಲಿಂಗವನ್ನು ತೆಗೆದಿಡಲು ಹೊರಟೆ. ಅತ್ತೆ ತಡೆದರು. ಆ ದಿನಗಳಲ್ಲಿ ಉಸಿರಾಡುವುದನ್ನೂ ತೆಗೆದಿಡುತ್ತೀಯಾ ಎಂದು ಕೇಳಿದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗ ಧರಿಸಿದವರಿಗಿಲ್ಲ ಎಂದು ಶರಣರು ಹೇಳಿ ಎಂಟುನೂರು ವರ್ಷಗಳ ಮೇಲಾಯಿತು. ವೇದಿಕೆಯ ಮೇಲೆ ಇದನ್ನು ಗಂಟಲು ಹರಿಯುವಂತೆ ಹೇಳುವ ಎಷ್ಟೋ ಮಂದಿಯ ಮನೆಗಳಲ್ಲಿ ಹೆಣ್ಣುಮಕ್ಕಳು ಇನ್ನೂ ಬಾಗಿಲಾಚೆ ಕೂರುತ್ತಾರೆ. ಮೂರನೇ ತರಗತಿ ಓದಿದ ನಮ್ಮ ಅತ್ತೆ ಯಾವ ವೇದಿಕೆಯನ್ನೂ ಹತ್ತಿದವರಲ್ಲ.

ಸಾಲ ಏನಾಯಿತು ಎಂದು ಕೇಳುವಿರಿ. ಮಾಲನ್ನು ನಷ್ಟಕ್ಕೇ ಮಾರಿದೆವು. ನನ್ನ ಒಡವೆಗಳಲ್ಲಿ ಒಂದಿಷ್ಟು ಹೋದವು, ಉಳಿದ ಸಾಲಕ್ಕೆ ಕಂತು ಕಟ್ಟುತ್ತಿದ್ದೇವೆ. ಇದರಲ್ಲಿ ಲಿಂಗದ ಪಾತ್ರ ಏನೂ ಇಲ್ಲ. ಮಾರಿಬಿಡೋಣ ಎಂದು ಯಜಮಾನರಿಗೆ ನೇರವಾಗಿ ಹೇಳಿದವಳು ನಾನು. ಬೆಳಿಗ್ಗೆ ಒಂದು ಸಲ ಹೇಳಿ ಅಭ್ಯಾಸವಾಗಿದ್ದರಿಂದ ಸಂಜೆ ಅದೇ ಮಾತು ಸಲೀಸಾಗಿ ಬಂತು ಎಂಬಷ್ಟು ಮಾತ್ರ ಒಪ್ಪಿಕೊಳ್ಳುತ್ತೇನೆ.

ಅತ್ತೆಗೂ ನನಗೂ ಒಂದು ವಿಷಯದಲ್ಲಿ ಇಂದಿಗೂ ಹೊಂದಿಕೆಯಿಲ್ಲ. ಡೈರಿ ಮುಚ್ಚಿದ ಮೇಲೆ ನಾನು ಲಿಂಗದ ಮುಂದೆ ಏನನ್ನೂ ಬೇಡಬಾರದು ಎಂದು ನಿಶ್ಚಯಿಸಿದ್ದೇನೆ. ಹೇಳಬಹುದು, ಬೈಯಬಹುದು, ಸುಮ್ಮನಿರಬಹುದು, ಬೇಡುವಂತಿಲ್ಲ. ಬೇಡಿದರೆ ಮತ್ತೆ ಕೊಡುಕೊಳ್ಳುವ ವ್ಯವಹಾರ ಶುರುವಾಗುತ್ತದೆ ಎಂಬುದು ನನ್ನ ವಾದ. ಅತ್ತೆಯ ಪ್ರಕಾರ ಇದು ಸೊಕ್ಕು. ಅವರು ಮಳೆ, ನಿದ್ದೆ, ಮೊಮ್ಮಗಳಿಗೆ ಗಂಡು, ಸಕ್ಕರೆ, ಏನು ಬೇಕಾದರೂ ನಾಚಿಕೆಯಿಲ್ಲದೆ ಕೇಳುತ್ತಾರೆ, ಸಿಗದಿದ್ದರೆ ಮರುದಿನ ಮತ್ತೆ ಕೇಳುತ್ತಾರೆ. ನಿನಗೆ ಕೇಳಲು ಏನಿದೆ ಅಷ್ಟು ಸಂಕೋಚ, ಅವನೇನು ಹೊರಗಿನವನೇ ಎನ್ನುತ್ತಾರೆ. ಹೋದ ವಾರ ಅವರಿಗೆ ಜ್ವರ ಬಂದು ಎರಡು ದಿನ ಏಳಲಿಲ್ಲ. ನನ್ನ ನಿಶ್ಚಯ ಎಲ್ಲಿ ಹೋಯಿತೋ, ಕೈಯಲ್ಲಿ ಲಿಂಗ ಹಿಡಿದವಳೇ ಬೇಡಿಬಿಟ್ಟೆ. ಅತ್ತೆಗೆ ಇದನ್ನು ಹೇಳಿಲ್ಲ, ಗೆದ್ದೆನೆಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ.